ಉಳುಮೆ ಕಮ್ಮಿ ಮಾಡಿದ ಹೊಲದಲ್ಲಿ ಕಳೆನಾಶಕಾನೂ ಕಮ್ಮಿ ಮಾಡೋದು ಹೇಗೆ?

ಉಳುಮೆ ಬಿಟ್ರೆ ಮಣ್ಣು ಕೊಚ್ಚಿ ಹೋಗಲ್ಲ, ತೇವ ನಿಲ್ಲುತ್ತೆ, ಆದ್ರೆ ಕಳೆಗೆ ಏನ್ ಮಾಡೋದು ಅಂದ್ರೆ ಸುಮಾರು ಜನ ಸೀದಾ ಕಳೆನಾಶಕದ ಕ್ಯಾನ್ ಎತ್ಕೋತಾರೆ. ಒಂದೇ ಔಷಧಿ ವರ್ಷಾನುಗಟ್ಲೆ ಹೊಡೆದ್ರೆ ಅದಕ್ಕೆ ಸಾಯದ ಕಳೆನೇ ಹೊಲ ತುಂಬ್ಕೊಳುತ್ತೆ, ಕಳೆನಾಶಕ ಗ್ಲೈಫೋಸೇಟ್‌ಗೆ ಜಗ್ಗದ ರೈಗ್ರಾಸ್ ಅನ್ನೋ ಕಳೆಹುಲ್ಲು ಆಸ್ಟ್ರೇಲಿಯಾದಲ್ಲಿ 1996ರಲ್ಲೇ ವರದಿ ಆಗಿತ್ತು.

ಉಳದೇ ಇರೋ ನೆಲದಲ್ಲಿ ಕಳೆಬೀಜ ಹೆಚ್ಚಾಗಿ ಮೇಲ್ಮಣ್ಣಲ್ಲೇ ಬಿದ್ದಿರುತ್ತೆ. ನನ್ನ ಪ್ರಕಾರ ಇದು ನಮಗೇ ಅನುಕೂಲ, ಯಾಕಂದ್ರೆ ಅಲ್ಲಿ ಅದು ಬೇಗ ಮೊಳೆಯುತ್ತೆ ಇಲ್ಲಾ ಇರುವೆ, ಜೀರುಂಡೆ ಬಾಯಿಗೆ ಹೋಗುತ್ತೆ, ಹೊಸ ಬೀಜ ಉದುರದ ಹಾಗೆ ನೋಡ್ಕೊಂಡ್ರೆ ಇರೋದು ತಾನಾಗೇ ಕರಗ್ತಾ ಬರುತ್ತೆ.

ಶುರು ಮಾಡೋಕೆ ಮುಂಚೆ ಗರಿಕೆ, ಜೇಕು ಎಲ್ಲೆಲ್ಲಿದೆ ನೋಡಿ. ಗಡ್ಡೆ, ಬೇರಿಂದ ಬರೋ ಇವು ನೆಲ ಮುಚ್ಚೋ ಯಾವ ಹೊದಿಕೆಗೂ ಬಗ್ಗಲ್ಲ, ಆ ಜಾಗಕ್ಕಷ್ಟೇ ಔಷಧಿ ಕೊಡಿ.

ಆಮೇಲೆ ಹೊದಿಕೆ ಬೆಳೆ, ಅಂದ್ರೆ ಮಲಗಿಸಿ ನೆಲ ಮುಚ್ಚೋಕೆ ಅಂತಾನೇ ಬೆಳೆಯೋ ಬೆಳೆ, ಇದೇ ಮುಖ್ಯ. ಸೆಣಬೋ ರೈ ಅನ್ನೋ ಧಾನ್ಯಾನೋ ಒತ್ತಾಗಿ ಬಿತ್ತಿ, ಚೆನ್ನಾಗಿ ಹೂ ಬಿಟ್ಟ ಮೇಲೆ ರೋಲರ್ ಕ್ರಿಂಪರ್ (ಕಾಂಡ ಜಜ್ಜಿ ಮಲಗಿಸೋ ಉರುಳೆ) ಹಾಯಿಸಿ ಮಲಗಿಸಿ. ಅವಸರಪಟ್ಟು ಎಳೇದನ್ನ ಮಲಗಿಸಿದ್ರೆ ಮತ್ತೆ ಎದ್ದು ನಿಲ್ಲುತ್ತೆ. ಕಳೆ ತಡೀಬೇಕಂದ್ರೆ ಹೆಕ್ಟೇರಿಗೆ ಸುಮಾರು 8 ಟನ್ ಒಣ ಹೊದಿಕೆ ಬೇಕು. ಎರಡು ವಾರ ಬಿಟ್ಟು ಒಂದು ಹಿಡಿ ಎತ್ತಿ ನೋಡಿ, ಅಡಿಯಲ್ಲಿ ಬೆಳಕು ಸಿಗದೆ ದಾರದ ಥರ ಬೆಳ್ಳಗೆ ಸೊರಗಿದ ಮೊಳಕೆ ಕಂಡ್ರೆ ಹೊದಿಕೆ ಕೆಲ್ಸ ಮಾಡ್ತಿದೆ, ಮಧ್ಯ ಮಧ್ಯ ಬರೀ ಮಣ್ಣು ಕಂಡ್ರೆ ಕಳೆ ಅಲ್ಲಿಂದಾನೇ ಬರೋದು.

ಆ ಹೊದಿಕೆ ಮಧ್ಯೆ ಮುಖ್ಯ ಬೆಳೆ ಬಿತ್ತಿದ ಮೇಲೂ ಇಡೀ ಹೊಲಕ್ಕೆ ಸ್ಪ್ರೇ ಯಾಕೆ? 75 ಸೆಂಮೀ ಸಾಲಲ್ಲಿ ಬೆಳೆ ಮೇಲಿನ 25 ಸೆಂಮೀ ಪಟ್ಟಿಗಷ್ಟೇ ಹೊಡೆದ್ರೆ ಮೂರನೇ ಒಂದು ಭಾಗ ಔಷಧಿ ಸಾಕು, ಸಾಲಿನ ಮಧ್ಯೆ ಹೊದಿಕೆ ನೋಡ್ಕೊಳುತ್ತೆ, ಅಲ್ಲೂ ಕಳೆ ಎದ್ರೆ ಕಡ್ಡಿಕಸಕ್ಕೆ ಸಿಕ್ಕಿಕೊಳ್ಳದ ಕುಂಟೆ ಹೊಡೀರಿ. ಕಳೆ ಎರಡರಿಂದ ನಾಲ್ಕು ಎಲೆ ಇದ್ದಾಗ್ಲೇ ಮುಗಿಸಿಬಿಡಿ. ದಯವಿಟ್ಟು ಡೋಸ್ ಮಾತ್ರ ಇಳಿಸ್ಬೇಡಿ, ಅರ್ಧಂಬರ್ಧ ಔಷಧಿಗೆ ಬದುಕುಳಿದ ಗಿಡದ ಬೀಜಾನೇ ಮುಂದಿನ ತಲೆನೋವು, ಜಾಗ ಕಮ್ಮಿ ಮಾಡಿ ಸಾಕು.

ಬೆಳೆ ಬದಲಾಯಿಸ್ತಾ ಇರಿ.

ಕೊಯ್ಲಿಗೆ ಮುಂಚೆ ಒಂದು ಸುತ್ತು ಹೊಲ ನಡೆದು ಉಳಿದ ಕಳೆ ಕಿತ್ತು ಹೊರಗೆ ಹಾಕಿ, ಪಾಮರ್ ದಂಟಿನಂಥ ಕಳೆಯ ಒಂದೇ ಗಿಡ ಲಕ್ಷಗಟ್ಲೆ ಬೀಜ ಉದುರಿಸುತ್ತೆ. ಕೊಯ್ಲಿನ ಮಷೀನ್ ಬೇರೆ ಹೊಲದಿಂದ ಬಂದಿದ್ರೆ ಒಳಗೆ ಇಳಿಸೋಕೆ ಮುಂಚೆ ಬದುವಿನ ಆಚೆಗೇ ನಿಲ್ಲಿಸಿ ಪೂರ್ತಿ ಕ್ಲೀನ್ ಮಾಡಿಸಿ.