ತುಂಬಾಗದ ಚಿನ್ನದ ಮೈ: ತುಣುಕು ಮಾಡಿ ಅಳೆದು ನೋಡಿದ ಬಗೆ

ಕೊಲಂಬಿಯಾ, ಪನಾಮಾದ ಪ್ರಾಚೀನ ಅಕ್ಕಸಾಲಿಗರ ಚಿನ್ನ-ತಾಮ್ರದ ಬೆರಕೆಗೆ ತುಂಬಾಗ ಎಂದು ಹೆಸರು. ಒಳಗೆ ಅರ್ಧಕ್ಕರ್ಧ ತಾಮ್ರವಿದ್ದರೂ ಹೊರಗೆ ಅಪ್ಪಟ ಚಿನ್ನದಂತೆ ಹೊಳೆಯುವ ವಸ್ತುಗಳಿವೆ. ಅವಕ್ಕೆ ಚಿನ್ನ ಬಳಿದಿರುವುದಿಲ್ಲ, ಮೈಯ ತಾಮ್ರವನ್ನು ತೆಗೆದಿರುತ್ತಾರೆ. ಎಕ್ಸ್‌ರೇ ಹಾಯಿಸಿ, ಮರಳಿ ಬರುವ ಕಿರಣದಿಂದ ಯಾವ ಲೋಹ ಎಷ್ಟಿದೆ ಎಂದು ಹೇಳುವ ಎಕ್ಸ್‌ರೇ ಪ್ರತಿದೀಪ್ತಿ ಯಂತ್ರ ಅಂಥ ಮೈಯನ್ನು ಹೇಗೆ ಓದುತ್ತದೆಂದು ತಿಳಿಯಲು ಮಾದರಿ ತುಣುಕು ಮಾಡಿಕೊಂಡೆ.

ಚಿನ್ನ 1.5 ಗ್ರಾಂ, ತಾಮ್ರ 1.5 ಗ್ರಾಂ. ಬಿಳಿಗಾರ ಹಾಕಿ ಮೂಸೆಯಲ್ಲಿ ಕರಗಿಸಿ, ಬಡಿದು ಅರ್ಧ ಮಿಲಿಮೀಟರ್ ತಗಡು ಮಾಡಿದೆ. ಬಡಿತದ ನಡುವೆ ಮಂದ ಕೆಂಪಾಗುವವರೆಗೆ ಕಾಯಿಸಿ ಕೂಡಲೇ ನೀರಿಗೆ ಹಾಕಬೇಕು. ತಾನಾಗಿ ಆರಲು ಬಿಟ್ಟರೆ ಸುಮಾರು 390 ಡಿಗ್ರಿಗಿಂತ ಕೆಳಗೆ ಪರಮಾಣುಗಳು ಸಾಲುಗಟ್ಟಿ ಲೋಹ ಬಿರುಸಾಗುತ್ತದೆ. ತೂಕದಲ್ಲಿ ನೂರಕ್ಕೆ 75 ಪಾಲು ಚಿನ್ನವಿರುವ ಬೆರಕೆಯಲ್ಲಂತೂ ಅಂಚು ಸೀಳುವುದೇ ಹೆಚ್ಚು.

ಆಮೇಲೆ ಬಣ್ಣ ತರುವ ಕೆಲಸ. ಗಾಳಿಯಲ್ಲಿ ಕಾಯಿಸಿದರೆ ಮೈ ಕಪ್ಪಾಗುತ್ತದೆ; ಅದು ತಾಮ್ರದ ಆಕ್ಸೈಡ್. ಶೇಕಡಾ 10ರ ಬೆಚ್ಚಗಿನ ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ಅದನ್ನು ಕರಗಿಸಿದೆ. ಆ ಕಾಲದಲ್ಲಿ ಹುಳಿ ಸಸ್ಯಗಳ ರಸ ಬಳಸುತ್ತಿದ್ದರು. ಏಳೆಂಟು ಸುತ್ತಿನ ನಂತರ ಹಳದಿ ಬರುತ್ತದೆ, ಆದರೆ ಮಂಕಾಗಿ. ತಾಮ್ರ ಹೋದ ಜಾಗವೆಲ್ಲ ಸ್ಪಂಜಿನಂತೆ ತೂತುತೂತಾಗಿರುತ್ತದೆ. ಅಗೇಟ್ ಕಲ್ಲಿನಿಂದ ಒತ್ತಿ ಉಜ್ಜಿದಾಗಲೇ ಹೊಳಪು. ಸುತ್ತುಗಳ ನಡುವೆ ಬ್ರಷ್ಷಿನಿಂದ ತಿಕ್ಕಬೇಡಿ, ಪದರವೇ ಎದ್ದುಬರುತ್ತದೆ. ಕಾವು ಮಿತಿಮೀರಿದರೆ ಒಳಗಿನ ತಾಮ್ರ ಮತ್ತೆ ಮೈಗೆ ಹರಿದು, ಪಟ್ಟ ಶ್ರಮ ಹಾಳು. ಬೆರಕೆಯಲ್ಲಿ ಬೆಳ್ಳಿಯೂ ಇದ್ದರೆ ಈ ವಿಧಾನಕ್ಕೆ ಅದು ಹೋಗುವುದಿಲ್ಲ, ಬಣ್ಣ ಬಿಳಿಚಿಕೊಳ್ಳುತ್ತದೆ.

ಅಳತೆಯಲ್ಲಿ ಎಡವುವುದು ಇಲ್ಲೇ. ಯಂತ್ರ ನೋಡುವುದು ಮೇಲಿನ ಕೆಲವೇ ಮೈಕ್ರೋಮೀಟರ್ ಆಳವನ್ನು. ಹಾಗಾಗಿ ಪದರವೂ ತಿರುಳೂ ಬೆರೆತ ಲೆಕ್ಕ ಬರುತ್ತದೆ: ಚಿನ್ನ ಜಾಸ್ತಿ, ತಾಮ್ರ ಕಡಿಮೆ. ಅದನ್ನೇ ಇಡೀ ವಸ್ತುವಿನ ಪ್ರಮಾಣವೆಂದು ಬರೆದರೆ ತಪ್ಪು. ಒರೆಗಲ್ಲಿನ ಮೇಲೆ ಹಗುರವಾಗಿ ಎಳೆದ ಗೆರೆಯೂ ಹೀಗೇ ಮೋಸ ಮಾಡುತ್ತದೆ.

ತಿರುಳು ತಿಳಿಯಲು ತುಣುಕನ್ನು ಅಡ್ಡ ಕೊಯ್ದು, ಗಟ್ಟಿಯಾಗುವ ಎಪಾಕ್ಸಿ ಅಂಟಿನಲ್ಲಿ ಕೂರಿಸಿ, 1 ಮೈಕ್ರಾನ್ ವಜ್ರದ ಪೇಸ್ಟಿನವರೆಗೆ ಹೊಳಪಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಂಚಿನಿಂದ ಒಳಕ್ಕೆ ಬಿಂದು ಬಿಂದುವಾಗಿ ಅಳೆದೆ. ಕೂರಿಸುವ ಮೊದಲು ನಿಕ್ಕಲ್ ಲೇಪ ಕೊಡಿ. ಇಲ್ಲದಿದ್ದರೆ ಮೆತ್ತನೆಯ ಚಿನ್ನ ಅಂಚಿನಲ್ಲಿ ಸವರಿಹೋಗುತ್ತದೆ. ತಾಮ್ರದ ಲೇಪ ಬೇಡ, ಲೆಕ್ಕ ಕಲಸಿಹೋಗುತ್ತದೆ.

ಮಣ್ಣಿನಲ್ಲಿ ಹೂತಿದ್ದ ವಸ್ತುವಿನಿಂದಲೂ ತಾಮ್ರ ತಾನಾಗಿ ಕರಗಿ ಹೋಗಿರುತ್ತದೆ. ಹಾಗಾದಾಗ ಸವೆತ ಲೋಹದೊಳಗಿನ ಸಣ್ಣ ಹರಳುಗಳ ಸಂದಿ ಹಿಡಿದು ಆಳಕ್ಕೆ ಇಳಿದಿರುತ್ತದೆ. ಕೈಯಿಂದ ಮಾಡಿದ ಪದರ ತೆಳುವಾಗಿ, ಒತ್ತೊತ್ತಾಗಿ, ಉಜ್ಜಿದ ಗೆರೆಗಳನ್ನು ಹೊತ್ತಿರುತ್ತದೆ.