ಪಂಚಾಯಿತಿ ಸಭೆಯಲ್ಲಿ ಪ್ರಶ್ನೆ ಕೇಳುವುದು ಹೇಗೆ?

ಹತ್ತು ವರ್ಷ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಈಗ ಇಲ್ಲ. ಆದರೂ ಹೊಸದಾಗಿ ಗೆದ್ದವರು ಮನೆಗೆ ಬಂದಾಗ ಹೇಳುವುದು ಒಂದೇ ಮಾತು: ‘ಅಕ್ಕಾ, ಸಭೇಲಿ ನೀರಿನ ವಿಷಯ ಎತ್ತಿದೆ, ಎಲ್ರೂ ಹೌದು ಹೌದು ಅಂದ್ರು, ಆಮೇಲೆ ಏನೂ ಆಗ್ಲಿಲ್ಲ.’ ಏನು ಕೇಳಿದ್ರಿ ಅಂತ ವಿಚಾರಿಸಿದರೆ, ಅವರು ಬೀದಿಯ ಕಷ್ಟವನ್ನೆಲ್ಲ ಹೇಳಿಕೊಂಡು ಬಂದಿರುತ್ತಾರೆ. ಕೊನೆಯಲ್ಲಿ ಪ್ರಶ್ನೆಯೇ ಇರುವುದಿಲ್ಲ. ಪ್ರಶ್ನೆ ಇಲ್ಲದ ಮೇಲೆ ಯಾರು ಏನಂತ ಉತ್ತರ ಕೊಡಬೇಕು?

ಮೊದಲು ಒಂದು ವಿಷಯ ತಿಳಿದಿರಲಿ. ಪ್ರಶ್ನೆ ಕೇಳುವುದು ಜಗಳ ತೆಗೆಯುವುದಲ್ಲ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಸದಸ್ಯರಿಗೆ ಆ ಹಕ್ಕು ಕೊಟ್ಟಿದ್ದಾರೆ. ಆಡಳಿತದ ಬಗ್ಗೆ ಅಧ್ಯಕ್ಷರನ್ನು ಪ್ರಶ್ನಿಸಬಹುದು, ನಿರ್ಣಯ ಮಂಡಿಸಬಹುದು. ಕೆಲಸದಲ್ಲಿ ಆದ ಅಸಡ್ಡೆ, ಪಂಚಾಯಿತಿ ಆಸ್ತಿ ಹಾಳಾಗುತ್ತಿರುವುದು, ಒಂದು ಬೀದಿಗೆ ಬೇಕಾಗಿರುವುದು, ಇವನ್ನೆಲ್ಲ ಅವರ ಗಮನಕ್ಕೆ ತರಬಹುದು. ಹಾಗಾಗಿ ‘ತಪ್ಪು ತಿಳ್ಕೋಬೇಡಿ’ ಅಂತ ಶುರು ಮಾಡುವ ಅಗತ್ಯವೇ ಇಲ್ಲ.

ಯಾರನ್ನು ಕೇಳಬೇಕು?

ಪಂಚಾಯಿತಿಯಲ್ಲಿ ಮೂರು ಸ್ಥಾಯಿ ಸಮಿತಿಗಳಿರುತ್ತವೆ: ಉತ್ಪಾದನೆ, ಸಾಮಾಜಿಕ ನ್ಯಾಯ, ಸೌಲಭ್ಯ. ಶಾಲೆ, ಆರೋಗ್ಯ, ಕಾಮಗಾರಿಗಳು ಸೌಲಭ್ಯ ಸಮಿತಿಗೆ ಬರುತ್ತವೆ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರುವ ಸದಸ್ಯರೇ ಆ ಸಮಿತಿಯಲ್ಲಿರುತ್ತಾರೆ. ಅವರನ್ನೂ ಕೇಳಬಹುದು, ಕೇಳಬೇಕು ಕೂಡ. ಸಮಿತಿ ಕೊನೇ ಸಲ ಯಾವಾಗ ಸೇರಿತ್ತು ಅಂತ ಕೇಳಿ ನೋಡಿ. ಎಷ್ಟೋ ಕಡೆ ಸಮಿತಿ ಕಾಗದದ ಮೇಲಷ್ಟೇ ಇರುತ್ತದೆ. ಈ ಒಂದು ಪ್ರಶ್ನೆಗೇ ಮುಂದಿನ ತಿಂಗಳು ಅದು ಸೇರಿದ್ದನ್ನು ನಾನು ನೋಡಿದ್ದೇನೆ.

ಆದರೆ ಸಭೆಯಲ್ಲಿ ಮಾತೆಲ್ಲ ಅಧ್ಯಕ್ಷರ ಕಡೆ ನೋಡಿಯೇ ಆಡಿ. ‘ಅಧ್ಯಕ್ಷರೇ, ಸೌಲಭ್ಯ ಸಮಿತಿಯವರಿಂದ ಈ ಮಾಹಿತಿ ಬೇಕು’ ಎನ್ನಿ. ಹೊರಗೆ ಅವರು ನಿಮಗೆ ಅತ್ತಿಗೆಯೋ ಮಾವನೋ ಆಗಿರಬಹುದು, ಸಭೆಯಲ್ಲಿ ಅಧ್ಯಕ್ಷರೇ. ಮತ್ತೊಂದು ಮಾತು. 2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗಿದೆ. ಅಷ್ಟಾದರೂ ಕೆಲವು ಕಡೆ ಅಧ್ಯಕ್ಷೆಯ ಗಂಡ ಬಂದು ಕೂತು ಉತ್ತರ ಕೊಡುತ್ತಾನೆ. ಅವನ ಉತ್ತರ ತೆಗೆದುಕೊಳ್ಳಬೇಡಿ. ‘ಅಧ್ಯಕ್ಷರೇ ಹೇಳಲಿ’ ಎಂದು ಕಾಯಿರಿ. ಎರಡು ನಿಮಿಷ ಯಾರೂ ಮಾತಾಡದಿದ್ದರೂ ಪರವಾಗಿಲ್ಲ, ಆಕೆ ಮಾತಾಡುತ್ತಾಳೆ.

ಪ್ರಶ್ನೆ ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

‘ನಮ್ಮ ಕಾಲೋನಿಗೆ ನೀರು ಸರಿಯಾಗಿ ಬರ್ತಿಲ್ಲ, ಯಾಕೆ?’ ಇದು ನಾನು ಮೊದಲ ಸಭೆಯಲ್ಲಿ ಕೇಳಿದ ಪ್ರಶ್ನೆ. ‘ಬೇಸಿಗೆ ಅಲ್ವಾ, ಎಲ್ಲ ಕಡೆ ಹಂಗೇ ಇದೆ, ನೋಡೋಣ’ ಎಂದರು. ಸರಿ ಎಂದು ಕೂತೆ. ಮನೆಗೆ ಬಂದ ಮೇಲೆ ಬೀದಿಯ ಅಜ್ಜಿ ಕೇಳಿದರು, ‘ಏನಂದ್ರವ್ವಾ?’ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಅದೇ ಅಜ್ಜಿಯ ಮನೆ ಬಾಗಿಲ ಹಿಂದೆ ಒಂದು 40 ಪುಟದ ನೋಟ್‌ಬುಕ್ ತೂಗುಹಾಕಿ, ದಾರಕ್ಕೆ ಪೆನ್ಸಿಲ್ ಕಟ್ಟಿದೆ. ಅಜ್ಜಿಯ ಮೊಮ್ಮಗಳು ಏಳನೇ ಕ್ಲಾಸು. ನಲ್ಲಿಯಲ್ಲಿ ನೀರು ಬಂದ ದಿನ ತಾರೀಖು, ಬಂದ ಹೊತ್ತು, ನಿಂತ ಹೊತ್ತು, ತುಂಬಿದ ಬಿಂದಿಗೆ ಎಷ್ಟು ಅಂತ ಬರೆದಳು. ಒಂದು ತಿಂಗಳಾಯಿತು. ನೀರು ಬಂದಿದ್ದು ಒಂಬತ್ತು ದಿನ. ಒಂದು ದಿನ ರಾತ್ರಿ ಎರಡು ಗಂಟೆಗೆ ಬಿಟ್ಟಿದ್ದರು, ಆ ಸಾಲಿನ ಎದುರು ಅವಳು ‘ನಿದ್ದೆ’ ಎಂದು ಬರೆದಿದ್ದಳು. ಆ ಪುಸ್ತಕ ಇಟ್ಟುಕೊಂಡು ಮುಂದಿನ ಸಭೆಗೆ ಹೀಗೆ ಬರೆದೆ:

‘ಏಪ್ರಿಲ್ 1ರಿಂದ 30ರವರೆಗೆ ಕಾಲೋನಿಯ ಮೇಲಿನ ಬೀದಿಗೆ ಯಾವ ಯಾವ ದಿನ ನೀರು ಬಿಡಲಾಗಿದೆ? ಪ್ರತಿ ದಿನ ಎಷ್ಟು ಹೊತ್ತು? ಅದೇ ತಿಂಗಳು ಊರೊಳಗಿನ ಬೀದಿಗೆ ಎಷ್ಟು ದಿನ?’

ಇದಕ್ಕೆ ‘ನೋಡೋಣ’ ಎಂದು ಉತ್ತರ ಕೊಡಲು ಬರುವುದಿಲ್ಲ. ತಾರೀಖು ಇದೆ, ಜಾಗ ಇದೆ, ಎಣಿಸಲು ಆಗುವಂಥದ್ದಿದೆ. ಪಕ್ಕದಲ್ಲಿಟ್ಟು ಹೋಲಿಸಲು ಇನ್ನೊಂದು ಬೀದಿಯೂ ಇದೆ. ಈ ನಾಲ್ಕು ಇಲ್ಲದ ಪ್ರಶ್ನೆಯನ್ನು ನಾನು ಆಮೇಲೆ ಯಾವತ್ತೂ ಬರೆಯಲಿಲ್ಲ.

‘ಯಾಕೆ’ ಅನ್ನುವ ಪದವನ್ನು ಮೊದಲ ಪ್ರಶ್ನೆಯಲ್ಲಿ ಬಳಸಲೇಬೇಡಿ. ಯಾಕೆ ಅಂದರೆ ನೆಪ ಬರುತ್ತದೆ. ಎಷ್ಟು, ಯಾವಾಗ, ಯಾರು, ಯಾವ ಬಾಬಿನ ದುಡ್ಡಿನಿಂದ ಅಂತ ಕೇಳಿ. ಒಂದು ಕಾಗದದಲ್ಲಿ ಒಂದೇ ವಿಷಯ ಇರಲಿ. ನೀರು, ಬೀದಿದೀಪ, ಚರಂಡಿ ಮೂರನ್ನೂ ಒಟ್ಟಿಗೆ ಬರೆದರೆ ಸುಲಭವಾದ ಬೀದಿದೀಪಕ್ಕೆ ಉತ್ತರ ಕೊಟ್ಟು ಉಳಿದ ಎರಡನ್ನು ಬಿಟ್ಟುಬಿಡುತ್ತಾರೆ.

ಹೋಲಿಸಲು ಸರ್ಕಾರದ ಲೆಕ್ಕ ಇದ್ದರೆ ಇನ್ನೂ ಒಳ್ಳೆಯದು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಐದು ಜನರ ಮನೆಗೆ 275 ಲೀಟರ್. ಪ್ಲಾಸ್ಟಿಕ್ ಬಿಂದಿಗೆ ಸುಮಾರು 15 ಲೀಟರ್ ಹಿಡಿದರೆ ಹದಿನೆಂಟು ಬಿಂದಿಗೆ ಆಯಿತು. ಸಭೆಯಲ್ಲಿ ‘ಹದಿನೆಂಟು ಬಿಂದಿಗೆ ಬರಬೇಕು, ಆರು ಬರ್ತಿದೆ’ ಎಂದು ಹೇಳಿ. ಲೀಟರ್ ಲೆಕ್ಕ ಹೇಳಿದಾಗ ತಲೆ ಎತ್ತದವರು ಬಿಂದಿಗೆ ಲೆಕ್ಕಕ್ಕೆ ತಲೆ ಎತ್ತುತ್ತಾರೆ. ದುಡ್ಡಿನ ವಿಷಯಕ್ಕೂ ಇದೇ ದಾರಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100ಕ್ಕೆ 60 ರೂಪಾಯಿಯನ್ನು ನೀರು ಮತ್ತು ನೈರ್ಮಲ್ಯಕ್ಕೇ ಎಂದು ಕೊಟ್ಟಿದ್ದರು. ಅದರಲ್ಲಿ ನಿಮ್ಮ ವಾರ್ಡಿಗೆ ಯಾವ ಕಾಮಗಾರಿ, ಎಷ್ಟು ಮೊತ್ತ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನೀರಿನ ಗುಣಮಟ್ಟದ ಬಗ್ಗೆ ಕೇಳುವವರಿಗೆ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಸಿಗುವ ಟಿಡಿಎಸ್ ಪೆನ್ನು ತಂದು ಸಭೆಯಲ್ಲಿ ಲೋಟಕ್ಕೆ ಅದ್ದಿ ತೋರಿಸುವವರಿದ್ದಾರೆ. ಆ ಪೆನ್ನು ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟಿದೆ ಅಂತ ಅಂದಾಜು ಹೇಳುತ್ತದೆ, ಅಷ್ಟೇ. ಫ್ಲೋರೈಡ್ ಎಷ್ಟು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ, ರೋಗಾಣುಗಳಿರುವುದಂತೂ ಗೊತ್ತಾಗುವುದೇ ಇಲ್ಲ. ಪಾವಗಡದಂಥ ಕಡೆ ಜನರ ಮೂಳೆ, ಹಲ್ಲು ಹಾಳು ಮಾಡಿದ್ದು ಫ್ಲೋರೈಡ್. ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ‘ನಮ್ಮ ಬೋರಿನ ನೀರನ್ನು ಲ್ಯಾಬಿಗೆ ಕೊನೇ ಸಲ ಯಾವಾಗ ಕಳಿಸಿದ್ದೀರಿ, ವರದಿ ಎಲ್ಲಿ?’ ಎಂದು ಕೇಳಿ. ಪೆನ್ನಿಗೆ ದುಡ್ಡು ಹಾಕಬೇಡಿ.

ಕೊಡುವುದು

ಕೈಯಲ್ಲೇ ಬರೆಯಿರಿ, ಎರಡು ಪ್ರತಿ. ಸಭೆಯ ನೋಟಿಸ್ ಕೈಗೆ ಸಿಗುವ ಮೊದಲೇ ಪಿಡಿಒಗೆ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಕೊಟ್ಟು ಅಜೆಂಡಾದಲ್ಲಿ ಸೇರಿಸಲು ಹೇಳಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ಆವಕ ನಂಬರ್ (ಕಚೇರಿಗೆ ಬಂದ ಕಾಗದಕ್ಕೆ ಹಾಕುವ ನಂಬರ್) ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೀನಲ್ಲ ಅನ್ನಬೇಡಿ, ಅದು ಯಾವ ಕಡತಕ್ಕೂ ಸೇರುವುದಿಲ್ಲ. ಸಭೆಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅಂತ ಬರುತ್ತದಲ್ಲ, ಅಲ್ಲಿ ಕೇಳೋಣ ಎಂದು ಕಾಯುವುದೂ ಬೇಡ. ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ.

ಹಿಂದಿನ ದಿನ ಸಂಜೆ ಅಧ್ಯಕ್ಷರ ಮನೆಗೆ ಹೋಗಿ ‘ನಾಳೆ ಇದನ್ನ ಕೇಳ್ತೀನಿ, ಪಂಚಾಯಿತಿ ಲೆಕ್ಕದ ಪುಸ್ತಕ ತರಿಸಿಟ್ಟಿರಿ’ ಎಂದು ಹೇಳಿ ಬನ್ನಿ. ಹಾಗೆ ಹೇಳಿದರೆ ತಯಾರಾಗಿ ಬಂದು ತಪ್ಪಿಸಿಕೊಳ್ಳುತ್ತಾರೆ ಅಂತ ಕೆಲವರು ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ತಯಾರಾಗಿ ಬರಲಿ ಅಂತಲೇ ಹೇಳುವುದು. ಒಂದೇ ಊರಿನಲ್ಲಿ ಬದುಕುವವರು ನಾವು, ನಾಲ್ಕು ಜನರ ಮುಂದೆ ಅವರು ತಬ್ಬಿಬ್ಬಾದರೆ ನಮ್ಮ ಬೀದಿಗೆ ನೀರೇನೂ ಬರುವುದಿಲ್ಲ.

ಉತ್ತರ ಬಂದ ಮೇಲೆ

ಮೊದಲ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ಮೋಟರ್ ಸುಟ್ಟಿತ್ತು.’ ಸುಮ್ನೆ ಕೂರಬೇಡಿ. ಯಾವ ಬೋರಿನ ಮೋಟರ್? ಯಾವತ್ತು ಮೇಲೆತ್ತಿದರು, ಯಾವತ್ತು ಇಳಿಸಿದರು? ರಿವೈಂಡಿಂಗ್ ಬಿಲ್ಲು ಎಷ್ಟು? ಅದೇ ಮೋಟರ್ ಈ ವರ್ಷ ಎಷ್ಟನೇ ಸಲ? ದನಿ ಏರಿಸದೆ ಒಂದಾದ ಮೇಲೆ ಒಂದು ಕೇಳಿ. ನಮ್ಮಲ್ಲಿ ನಾಲ್ಕನೇ ಪ್ರಶ್ನೆಗೆ ನೀರುಗಂಟಿಯನ್ನು ಕರೆಸಬೇಕಾಯಿತು. ಅವನು ಬಾಗಿಲಲ್ಲೇ ನಿಂತು, ‘ಮೋಟರ್ ಏನೂ ಆಗಿಲ್ಲಮ್ಮ, ಮೇಲಿನ ಬೀದಿ ವಾಲ್ವು ಹಿಡ್ಕೊಂಡೈತೆ, ಪೂರ್ತಿ ತಿರುಗಲ್ಲ’ ಎಂದ. ತಿಂಗಳುಗಟ್ಟಲೆ ಬೇಸಿಗೆ, ಕರೆಂಟು, ಮೋಟರ್ ಎಂದು ಮಾತಾಡಿದ್ದೆವು. ನೀರು ಬಿಡುವವನನ್ನು ಯಾರೂ ಕೇಳಿರಲಿಲ್ಲ. ಅವನ ಮೇಲೆ ಕೂಗಾಡಬೇಡಿ. ಅಲ್ಲಿ ಕೂತವರಲ್ಲಿ ಜಾಸ್ತಿ ಗೊತ್ತಿರುವುದು ಅವನಿಗೇ.

‘ಮಾಡಿಸೋಣ ಬಿಡಿ’ ಎಂದರೆ ‘ಯಾರು, ಯಾವ ತಾರೀಖಿನೊಳಗೆ ಅಂತ ಬರೆಸಿ’ ಎನ್ನಿ. ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ನಡಾವಳಿಯಲ್ಲಿ ‘ನೀರಿನ ಬಗ್ಗೆ ಚರ್ಚಿಸಲಾಯಿತು’ ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ, ಅದಕ್ಕೆ ಬಿಡಬೇಡಿ. ‘ಮೇಲಿನ ಬೀದಿ ವಾಲ್ವನ್ನು ಮೇ 20ರೊಳಗೆ ಬದಲಾಯಿಸಲು ತೀರ್ಮಾನಿಸಲಾಯಿತು’ ಅಂತ ಇರಬೇಕು. ಖಾಲಿ ನಡಾವಳಿ ಪುಸ್ತಕಕ್ಕೆ ಸಹಿ ಕೇಳಿದರೆ ಕೊಡಲೇಬೇಡಿ, ಎಷ್ಟೇ ಬೇಕಾದವರು ಕೇಳಿದರೂ. ಮುಂದಿನ ಸಭೆ ಶುರುವಾಗುವುದೇ ಹಿಂದಿನ ನಡಾವಳಿ ಓದುವುದರಿಂದ. ತಪ್ಪಿದ್ದರೆ ಅಲ್ಲೇ ಎದ್ದು ನಿಂತು ತಿದ್ದಿಸಿ.

ಉತ್ತರವೇ ಬರದಿದ್ದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ, ಆವಕ ನಂಬರ್ ಇರುವ ಪ್ರತಿ ಲಗತ್ತಿಸಿ. ಅದಕ್ಕೂ ಆಗದಿದ್ದರೆ ಮಾಹಿತಿ ಹಕ್ಕು ಇದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಜೆರಾಕ್ಸ್ ಅಂಗಡಿಯ ರೆಡಿಮೇಡ್ ನಮೂನೆಯಲ್ಲಿ ‘ಎಲ್ಲಾ ದಾಖಲೆಗಳನ್ನು ಕೊಡಿ’ ಅಂತ ಅಚ್ಚು ಹಾಕಿರುತ್ತಾರೆ, ಅದನ್ನು ಮುಟ್ಟಬೇಡಿ. ನೀವು ಸಭೆಗೆ ಬರೆದ ಪ್ರಶ್ನೆಯನ್ನೇ ಬರೆಯಿರಿ, ಸಾಕು.

ಉತ್ತರ ಸಿಕ್ಕಿದ ದಿನವೇ ಬೀದಿಗೆ ಹೋಗಿ ಓದಿ ಹೇಳಿ. ನಾನು ನಡಾವಳಿಯ ಆ ಪುಟದ ಜೆರಾಕ್ಸ್ ಮಾಡಿಸಿ ಅಜ್ಜಿ ಮನೆ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದೆ. ನೋಟ್‌ಬುಕ್ ಮಾತ್ರ ತೆಗೆಯಲಿಲ್ಲ. ಮೇ 20 ಆದ ಮೇಲೂ ಹುಡುಗಿ ಬರೆಯುತ್ತಲೇ ಇದ್ದಳು.