ಡೆಂಗಿ ಸಂದೇಶಕ್ಕೆ ಕೇಳುಗರನ್ನು ಜೀವನಶೈಲಿಯಿಂದ ಗುಂಪು ಮಾಡುವ ಬಗೆ

ಕೊಡಗಿನಲ್ಲಿ ಡೆಂಗಿ ಕುರಿತು ತಿಳಿವಳಿಕೆ ನೀಡುವವರು ಜನರನ್ನು ವಯಸ್ಸು ಅಥವಾ ತಾಲ್ಲೂಕಿನ ಲೆಕ್ಕದಲ್ಲಷ್ಟೇ ವಿಂಗಡಿಸಿದರೆ ಸಾಲದು. ಹಗಲು ಎಲ್ಲಿ ಕಳೆಯುತ್ತಾರೆ, ನೀರನ್ನು ಹೇಗೆ ಕೂಡಿಡುತ್ತಾರೆ, ಯಾರ ಮಾತನ್ನು ನಂಬುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಜೊತೆ ಕುಳಿತು ಮೊದಲು ಚರ್ಚಿಸಬೇಕು.

ಒಂದೇ ವಯಸ್ಸಿನ ಇಬ್ಬರು ಮಹಿಳೆಯರನ್ನು ಗಮನಿಸಿ. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ ಇರುವವರು ಬೆಳಿಗ್ಗೆಯೇ ಕೆಲಸಕ್ಕೆ ಹೊರಡುವುದರಿಂದ ಹಗಲಿನ ಸಭೆಗೆ ಬರಲಾರರು. ಅವರಿಗೆ ಸಂಜೆಯ ಹೊತ್ತು, ಮೇಸ್ತ್ರಿಯ ಸಹಕಾರ ಮತ್ತು ಅವರದೇ ಭಾಷೆ ಬೇಕು. ಅಸ್ಸಾಮಿನಿಂದ ಬಂದ ಕಾರ್ಮಿಕರಿಗೆ ಕನ್ನಡದ ಕರಪತ್ರ ಹಂಚುವುದು ಕಾಗದದ ಖರ್ಚಷ್ಟೇ. ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವವರಿಗಾದರೋ ಅತಿಥಿಗಳ ಸುರಕ್ಷತೆಯ ಮಾತು ಬೇಗ ತಟ್ಟುತ್ತದೆ, ವಾಟ್ಸ್ಆ್ಯಪ್ ಸಂದೇಶವೂ ಸಾಕಾಗಬಹುದು. ಬುಡಕಟ್ಟು ಜನರ ಹಾಡಿಗಳಲ್ಲಿ ಹಿರಿಯರನ್ನು ಮೊದಲು ಕಂಡು ಮಾತನಾಡುವುದು ಒಳಿತು.

ತಿರುಳು ಎಲ್ಲರಿಗೂ ಒಂದೇ: ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆಯನ್ನು ಉಜ್ಜಬೇಕು. ಉದಾಹರಣೆ ಮಾತ್ರ ಬದಲಾಗಲಿ. ಲೈನ್ ಮನೆಗೆ ನೀರಿನ ಡ್ರಮ್, ಹೋಂಸ್ಟೇಗೆ ಹೂಕುಂಡದ ತಟ್ಟೆ, ವರ್ಕ್‌ಶಾಪಿಗೆ ಹಳೆಯ ಟೈರು.

ಸಂದೇಶವನ್ನು ಮುದ್ರಿಸುವ ಮೊದಲು ಪ್ರತಿ ಗುಂಪಿನ ನಾಲ್ಕೈದು ಮಂದಿಗೆ ಓದಿ ಹೇಳಿ, ಅವರಿಗೆ ಅರ್ಥವಾದದ್ದನ್ನು ಅವರ ಮಾತಿನಲ್ಲೇ ಹೇಳಿಸಿ. ಗುಂಪಿನ ಹೆಸರು ಜಾತಿಸೂಚಕವಾಗದಿರಲಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೊರಗಿನ ಕಾರ್ಮಿಕರು ಹೆಚ್ಚುವುದರಿಂದ ಆಗ ಗುಂಪುಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು.